ಗೋಡೆಗೆ ವರ್ಲಿ ಬೇಕು, ವರ್ಲಿಗಳ ನೆಲದ ಮಾತು ಬೇಡವೇ?

ನಮ್ಮ ಸದಲಗಾ, ಚಿಕ್ಕೋಡಿ ಕಡೆ ಇರಲಿ, ಬೆಂಗಳೂರೇ ಇರಲಿ, ಸರ್ಕಾರಿ ಗೋಡೆಯನ್ನು ಚಂದ ಮಾಡಬೇಕು ಅಂದ್ರೆ ಈಗ ಥಟ್ಟನೆ ನೆನಪಾಗುವುದು ವರ್ಲಿ. ಕೆಮ್ಮಣ್ಣಿನ ಬಣ್ಣ ಬಳಿದು, ಬಿಳಿ ತ್ರಿಕೋನದ ಮನುಷ್ಯರನ್ನು ಕುಣಿಸಿದರೆ ಕೆಲಸ ಮುಗೀತು. ಆ ಚಿತ್ರ ಯಾರದು, ಅವರ ನೆಲ ಏನಾಯ್ತು ಅಂತ ಯಾರೂ ಕೇಳೋದಿಲ್ಲ.

ವರ್ಲಿಗಳು ದೂರದವರೇನಲ್ಲ, ಗಡಿಯಾಚೆಯ ಮಹಾರಾಷ್ಟ್ರದ ಪಾಲ್ಘರ್, ಠಾಣೆ ಭಾಗದ ಆದಿವಾಸಿಗಳು. ಮದುವೆ ಮನೆಯ ಗೋಡೆಗೆ ಹೆಂಗಸರು ಅಕ್ಕಿ ಹಿಟ್ಟಿನಲ್ಲಿ ಬರೆಯುವ ಚೌಕದ ನಡುವೆ ಇರುವವಳು ಪಾಲಘಾಟ್ ದೇವಿ, ಗಿಡಮರ ಮತ್ತು ಫಲವಂತಿಕೆಯ ತಾಯಿ. ನನ್ನ ಪ್ರಕಾರ ಅದು ಬರೀ ಅಲಂಕಾರವಲ್ಲ, ‘ನಾವು ಈ ನೆಲದವರು’ ಎಂಬ ಘೋಷಣೆ. 2011ರಲ್ಲಿ ಜಿವ್ಯಾ ಸೋಮಾ ಮಾಶೆ ಅವರಿಗೆ ಪದ್ಮಶ್ರೀ ಕೊಟ್ಟು ದೇಶ ಆ ಕಲೆಯನ್ನು ಗೌರವಿಸಿತು. ಅದೇ ಪಾಲ್ಘರ್‌ನಲ್ಲಿ, ಮೀನುಗಾರರೂ ಆದಿವಾಸಿಗಳೂ ಬೇಡ ಬೇಡ ಅಂದರೂ, 2024ರ ಆಗಸ್ಟ್‌ನಲ್ಲಿ ವಾಢವಣ ಬಂದರಿಗೆ ಶಂಕುಸ್ಥಾಪನೆಯಾಯಿತು.

ಚಿತ್ರವನ್ನು ಮಾತಾಗಿ ಕೇಳಿಸಿಕೊಂಡರೆ ಏನಾಗುತ್ತದೆ? ಆಸ್ಟ್ರೇಲಿಯಾದ ಪಶ್ಚಿಮ ಮರುಭೂಮಿಯ ಮೂಲನಿವಾಸಿಗಳು 1997ರಲ್ಲಿ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಒಂದು ಕ್ಯಾನ್ವಾಸ್ ಬರೆದರು. ಹೆಸರು ‘ಙುರ್ರಾರ’. ಅದರಲ್ಲಿದ್ದದ್ದು ಅವರ ನೀರಿನ ಸೆಲೆಗಳು, ಅವರ ನೆಲ. ಭೂಹಕ್ಕಿನ ನ್ಯಾಯಮಂಡಳಿಯ ಮುಂದೆ ಒಬ್ಬೊಬ್ಬರೂ ಚಿತ್ರದಲ್ಲಿ ತಮ್ಮ ಜಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲೇ ಸಾಕ್ಷಿ ಹೇಳಿದರು. 2007ರಲ್ಲಿ ಹಕ್ಕು ಸಿಕ್ಕಿತು. ಹತ್ತು ವರ್ಷ ಕಾಯಬೇಕಾಯಿತು ನಿಜ, ಆದರೆ ಚಿತ್ರ ಪುರಾವೆಯಾಯಿತು.

ನಮ್ಮಲ್ಲೂ ಇದಕ್ಕೆ ಕಾನೂನಿನ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ರಚಿಸಿದ ನಿಯಮಗಳಲ್ಲಿ 13ನೆಯದನ್ನು ಓದಿ: ಬಾವಿ, ಸ್ಮಶಾನ, ಪವಿತ್ರ ಸ್ಥಳ, ಹಿರಿಯರ ಹೇಳಿಕೆ ಎಲ್ಲವೂ ಸಾಕ್ಷ್ಯವೇ. ಆದರೂ 2025ರ ಮೇನಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿದ ಜೇನು ಕುರುಬರ 52 ಕುಟುಂಬಗಳು ತಮ್ಮದೇ ಹಾಡಿಯಲ್ಲಿ ನೆಲೆ ನಿಲ್ಲಲು ಹೋರಾಡಬೇಕಾಯಿತು. ಪೂರ್ವಿಕರ ಸಮಾಧಿ, ದೇವರ ತಾಣಗಳೇ ಅವರ ಪಹಣಿ.

ಹಾಗಾಗಿ ಗೋಡೆಗೆ ಆದಿವಾಸಿ ಚಿತ್ರ ಬರೆಸುವ ಮುನ್ನ ಎರಡು ಕೆಲಸ ಆಗಲಿ. ಬರೆಯುವ ಅವಕಾಶ, ಕೂಲಿ, ಹೆಸರು ಆ ಸಮುದಾಯಕ್ಕೇ ಸಿಗಲಿ. ಅವರ ಗ್ರಾಮಸಭೆ ಕಳಿಸಿದ ಹಕ್ಕಿನ ಅರ್ಜಿಗಳು ಧೂಳು ತಿನ್ನುತ್ತಿದ್ದರೆ, ಮೊದಲು ಅವುಗಳಿಗೆ ಉತ್ತರ ಸಿಗಲಿ. ಕಲೆ ನಮಗೆ, ಕಾಡು ಕಂಪನಿಗೆ ಅನ್ನೋ ಲೆಕ್ಕ ಇನ್ನು ಸಾಕು.