ಮತ್ಸರವೆಂಬ ಸುಲಭದ ಉತ್ತರ

ಕೆಲಸದ ಜಾಗದಲ್ಲಿ ಹೆಣ್ಣೊಬ್ಬಳು ದೂರು ಕೊಟ್ಟಳೆಂದರೆ, ದೂರಿನ ವಿವರ ಕೇಳುವ ಮೊದಲೇ ನಮ್ಮಲ್ಲಿ ಒಂದು ತೀರ್ಪು ಹೊರಬೀಳುತ್ತದೆ: ‘ಇದೆಲ್ಲ ವೃತ್ತಿಮತ್ಸರ.’ ಬಡ್ತಿಯ ಪಟ್ಟಿಯಲ್ಲಿ ಯಾರು ಮುಂದಿದ್ದರು, ಯಾರ ಅವಕಾಶ ಯಾರ ಪಾಲಾಯಿತು, ಯಾರಿಗೂ ಯಾರಿಗೂ ಮಾತುಕತೆಯಿಲ್ಲ ಎಂಬ ಪುರಾಣವನ್ನು ಬಿಚ್ಚಿ ಕುಳಿತವರು, ಆ ದಿನ ನಡೆದದ್ದೇನು ಎಂಬ ಪ್ರಶ್ನೆಯನ್ನು ಮರೆತೇ ಬಿಡುತ್ತಾರೆ. ಈ ಸುಲಭದ ಉತ್ತರದ ಬಗ್ಗೆ ನನಗೆ ತಕರಾರಿದೆ. ಅದನ್ನು ಹೇಳಲು ನಮ್ಮ ಓದುಗರಲ್ಲಿ ಹಲವರಿಗೆ ಅಪರಿಚಿತವಾದ, ಅವರ ಮನೆಯ ಮಕ್ಕಳಿಗೆ ಮಾತ್ರ ಚೆನ್ನಾಗಿ ಗೊತ್ತಿರುವ ಲೋಕವೊಂದನ್ನು ಆರಿಸಿಕೊಂಡಿದ್ದೇನೆ. ಅದು ಜಪಾನಿನ ಅನಿಮೆಗಳಿಗೆ ಇಂಗ್ಲಿಷಿನಲ್ಲಿ ದನಿ ಕೊಡುವವರ ಲೋಕ.

ವಿಕ್ ಮಿನ್ಯೋನಾ ಆ ಲೋಕದ ತಾರೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಸರಣಿಯ ನಾಯಕ ಎಡ್ವರ್ಡ್‌ನ ಇಂಗ್ಲಿಷ್ ದನಿ ಅವರದು. ‘ಡ್ರ್ಯಾಗನ್ ಬಾಲ್’ ಸರಣಿಯ ಬ್ರೋಲಿಯ ದನಿಯೂ ಅವರದೇ. 2019ರ ಜನವರಿಯಲ್ಲಿ ಬ್ರೋಲಿಯ ಹೆಸರಿನ ಚಿತ್ರ ಅಮೆರಿಕದಲ್ಲಿ ತೆರೆಕಂಡ ದಿನಗಳಲ್ಲೇ ಅವರ ಮೇಲೆ ಆರೋಪಗಳು ಬಹಿರಂಗವಾಗಿ ಕೇಳಿಬಂದವು. ಅಭಿಮಾನಿಗಳ ಸಮಾವೇಶಗಳಲ್ಲಿ ಮತ್ತು ಸಹೋದ್ಯೋಗಿಗಳೊಂದಿಗೆ ಒಪ್ಪಿಗೆಯಿಲ್ಲದ ಸ್ಪರ್ಶ, ಚುಂಬನ ಮುಂತಾಗಿ ಅನುಚಿತವಾಗಿ ವರ್ತಿಸಿದರೆಂಬುದು ಆ ಆರೋಪಗಳ ತಿರುಳು. ಮಿನ್ಯೋನಾ ಅವನ್ನು ನಿರಾಕರಿಸಿದರು. ಫೆಬ್ರವರಿಯಲ್ಲಿ ಟೆಕ್ಸಾಸಿನ ಫನಿಮೇಶನ್ ಕಂಪನಿ, ತಾನು ವಿಚಾರಣೆ ನಡೆಸಿದ್ದೇನೆ, ಮುಂದಿನ ಕೆಲಸಗಳಿಗೆ ಅವರನ್ನು ಕರೆಯುವುದಿಲ್ಲ ಎಂದು ಪ್ರಕಟಿಸಿತು.

ಅಭಿಮಾನಿಗಳು ಎರಡು ಪಾಳೆಯವಾದರು. ಮಿನ್ಯೋನಾ ಪರವಾದ ಪಾಳೆಯದ ವಾದ ನಮಗೆ ಚಿರಪರಿಚಿತ. ಜನಪ್ರಿಯನನ್ನು ಸಹಿಸದ ಸಹೋದ್ಯೋಗಿಗಳು ಒಳಸಂಚು ಹೂಡಿ ಆತನ ಅನ್ನ ಕಿತ್ತುಕೊಂಡರು ಎಂಬುದೇ ಆ ವಾದ. ಮೊಕದ್ದಮೆಯ ಖರ್ಚಿಗೆಂದು ಅಭಿಮಾನಿಗಳಿಂದ ಎರಡು ಲಕ್ಷ ಡಾಲರಿಗೂ ಮೀರಿ ಹಣ ಸಂಗ್ರಹವಾಯಿತು. 2019ರ ಏಪ್ರಿಲಿನಲ್ಲಿ ಮಿನ್ಯೋನಾ, ಫನಿಮೇಶನ್ ಮತ್ತು ಸಹಕಲಾವಿದೆಯರಾದ ಮೋನಿಕಾ ರಿಯಾಲ್, ಜೇಮಿ ಮಾರ್ಚಿ ಸೇರಿದಂತೆ ನಾಲ್ವರ ಮೇಲೆ ದಾವೆ ಹೂಡಿದರು. ಮಾನನಷ್ಟದ ಜೊತೆಗೆ, ತಮ್ಮ ಒಪ್ಪಂದಗಳಿಗೆ ಅಡ್ಡಿಪಡಿಸಿದರು, ಸಂಚು ನಡೆಸಿದರು ಎಂಬ ಆಪಾದನೆಗಳೂ ಆ ದಾವೆಯಲ್ಲಿದ್ದವು. ಅಂದರೆ ‘ವೃತ್ತಿಮತ್ಸರ’ದ ವಾದ ಅಲ್ಲಿ ಕಾನೂನಿನ ಉಡುಪು ತೊಟ್ಟು ನ್ಯಾಯಾಲಯದ ಮೆಟ್ಟಿಲೇರಿತು.

ಟೆಕ್ಸಾಸಿನಲ್ಲಿ, ಸಾರ್ವಜನಿಕವಾಗಿ ಮಾತನಾಡಿದವರನ್ನು ದಾವೆಗಳಿಂದ ಬಾಯಿಮುಚ್ಚಿಸದಂತೆ ತಡೆಯುವ ಕಾನೂನಿದೆ. ಅದರ ಪ್ರಕಾರ ಪ್ರತಿವಾದಿ ಕೋರಿದರೆ, ಫಿರ್ಯಾದಿ ಆರಂಭದಲ್ಲೇ ತನ್ನ ಪ್ರತಿಯೊಂದು ಆಪಾದನೆಗೂ ಸ್ಪಷ್ಟ, ನಿರ್ದಿಷ್ಟ ಸಾಕ್ಷ್ಯ ಒದಗಿಸಬೇಕು. 2019ರ ಅಕ್ಟೋಬರಿನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2022ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಜಾವನ್ನು ಎತ್ತಿಹಿಡಿಯಿತು. ಇದರಿಂದ ಮೂಲ ಆರೋಪಗಳು ಸಾಬೀತಾದವೆಂದು ಯಾರೂ ಅರ್ಥಮಾಡಿಕೊಳ್ಳಬಾರದು. ನ್ಯಾಯಾಲಯ ಆ ಪ್ರಶ್ನೆಯನ್ನು ತೀರ್ಮಾನಿಸಲಿಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ತಿಂಗಳುಗಟ್ಟಲೆ ಸ್ವಯಂಸಿದ್ಧವೆಂಬಂತೆ ಮೆರೆದ ಸಂಚಿನ ಕಥೆ, ಸಾಕ್ಷ್ಯ ಎಲ್ಲಿ ಎಂದು ಕೇಳಿದ ಕಡೆ ನಿಲ್ಲಲಿಲ್ಲ.

ಮತ್ಸರವೇ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಮತ್ಸರವಿಲ್ಲದ ವೃತ್ತಿ ಯಾವುದು? ಟೆಕ್ಸಾಸಿನ ಅನಿಮೆ ಡಬ್ಬಿಂಗ್ ಬಹುಪಾಲು ಕಾರ್ಮಿಕ ಸಂಘದ ಒಪ್ಪಂದಗಳ ಹೊರಗೆ, ಗಂಟೆಯ ಲೆಕ್ಕದ ಕೂಲಿಯಲ್ಲಿ ನಡೆಯುವ ಕೆಲಸ. ಒಂದು ಸರಣಿಯಲ್ಲಿ ಜೊತೆಗೆ ದನಿ ಕೊಟ್ಟವರೇ ಇನ್ನೊಂದು ಸರಣಿಯಲ್ಲಿ ನಿರ್ದೇಶಕರಾಗಿ ಪಾತ್ರ ಹಂಚುತ್ತಾರೆ. ಇಂದಿನ ಗೆಳೆಯ ನಾಳೆಯ ಧಣಿ. ಅಲ್ಲಿ ದೂರು ಕೊಟ್ಟವಳು ತನ್ನ ಮುಂದಿನ ಕೆಲಸವನ್ನೇ ಪಣಕ್ಕಿಡುತ್ತಾಳೆ. ಮತ್ಸರಕ್ಕಾಗಿ ದೂರು ಕೊಟ್ಟಳೆನ್ನುವವರು ಲಾಭದ ಲೆಕ್ಕವನ್ನಾದರೂ ಹೇಳಬೇಕಲ್ಲ? ರಿಯಾಲ್ ಅದೇ ‘ಡ್ರ್ಯಾಗನ್ ಬಾಲ್’ನ ಬುಲ್ಮಾ ಎಂಬ ಹೆಣ್ಣುಪಾತ್ರದ ದನಿ. ಬ್ರೋಲಿಯ ದನಿ ಬದಲಾದರೆ ಬುಲ್ಮಾಳ ದನಿಗೆ ಸಿಗುವುದೇನು? ಇನ್ನು ಲಾಭವೇ ಇತ್ತೆಂದುಕೊಳ್ಳೋಣ. ಪಕ್ಕದ ಮನೆಯವನ ಮೇಲೆ ಹಗೆಯಿರುವವನೂ ಆ ಮನೆಗೆ ಕಳ್ಳ ನುಗ್ಗಿದ್ದನ್ನು ಕಣ್ಣಾರೆ ಕಂಡಿರಬಹುದು. ಹಗೆಯಿದ್ದವನ ಸಾಕ್ಷಿಯನ್ನು ಒರೆಗೆ ಹಚ್ಚಬೇಕು ನಿಜ. ಒರೆಗೆ ಹಚ್ಚುವುದೆಂದರೆ ವಿಚಾರಣೆ ನಡೆಸುವುದು, ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸುವುದಲ್ಲ.

ಎದುರು ಪಾಳೆಯಕ್ಕೂ ಒಂದು ಗಾದೆಯ ಆಸರೆಯಿದೆ: ಬೆಂಕಿಯಿಲ್ಲದೆ ಹೊಗೆಯಾಡದು. ಅದನ್ನೂ ನಾನು ಒಪ್ಪುವುದಿಲ್ಲ. ಎರಡೂ ಪಾಳೆಯಗಳು ಮಾಡುತ್ತಿರುವುದು ಒಂದೇ ಕೆಲಸ. ವಿಚಾರಣೆಯ ಶ್ರಮ ಬೇಡವೆಂದು ಗಾದೆಯೊಂದನ್ನು ಪೀಠದಲ್ಲಿ ಕೂರಿಸುತ್ತಿವೆ. ಮಿನ್ಯೋನಾ ಪರವಾಗಿರುವವರ ಒಂದು ಮಾತಿನಲ್ಲಿ ಹುರುಳಿದೆ. ಕಂಪನಿ ತನ್ನ ಆಂತರಿಕ ವಿಚಾರಣೆಯ ವರದಿಯನ್ನು ಜನರ ಮುಂದಿಡಲಿಲ್ಲ. ವರ್ಷಗಟ್ಟಲೆ ದುಡಿದ ಕಲಾವಿದನ ನಂಟು ಕೆಲವೇ ಸಾಲುಗಳ ಪ್ರಕಟಣೆಯಲ್ಲಿ ಮುಗಿಯಿತು. ಆದರೆ ಹಾಗಾಗಲು ಕಾರಣ ದೂರು ಕೊಟ್ಟವರಲ್ಲ. ನೇಮಕದ ಪತ್ರವಿಲ್ಲದ ಕೆಲಸದಲ್ಲಿ ದೂರುವವಳಿಗೆ ರಕ್ಷಣೆಯಿಲ್ಲ, ದೂರಿಸಿಕೊಂಡವನಿಗೂ ಇಲ್ಲ. ಇಬ್ಬರನ್ನೂ ನಾಳೆಯಿಂದ ಕರೆಯದಿದ್ದರೆ ಮುಗಿಯಿತು. ಅಭಿಮಾನಿಗಳು ಆ ಎರಡು ಲಕ್ಷ ಡಾಲರಿನ ಸಿಟ್ಟನ್ನು ಈ ವ್ಯವಸ್ಥೆಯ ಮೇಲೆ ತೋರಿದ್ದರೆ ಯಾರಿಗಾದರೂ ಒಳಿತಾಗುತ್ತಿತ್ತು.

ಅಮೆರಿಕದ ಜಗಳ ನಮಗೇಕೆ ಎನ್ನುವವರಿಗೆ ಒಂದು ಮಾತು. ಫನಿಮೇಶನ್ ಇಂದು ಕ್ರಂಚಿರೋಲ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಅದೇ ಕಂಪನಿ ಈಗ ಹಿಂದಿ, ತಮಿಳು, ತೆಲುಗಿನಲ್ಲಿ ಅನಿಮೆಗಳನ್ನು ಉಣಬಡಿಸುತ್ತಿದೆ. ಇಲ್ಲಿನ ಡಬ್ಬಿಂಗ್ ಲೋಕ ಹೇಗಿದೆಯೆಂದು ತಿಳಿಯಲು ಚೆನ್ನೈಯ ಉದಾಹರಣೆ ಸಾಕು. 2018ರ ಅಕ್ಟೋಬರಿನಲ್ಲಿ ಗಾಯಕಿ, ಡಬ್ಬಿಂಗ್ ಕಲಾವಿದೆ ಚಿನ್ಮಯಿ ಶ್ರೀಪಾದ ಅವರು ಕವಿ ವೈರಮುತ್ತು ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ವೈರಮುತ್ತು ಅಲ್ಲಗಳೆದರು. ಮರುತಿಂಗಳೇ ಡಬ್ಬಿಂಗ್ ಕಲಾವಿದರ ಸಂಘ ಚಿನ್ಮಯಿ ಅವರನ್ನು ಸದಸ್ಯತ್ವದಿಂದ ತೆಗೆಯಿತು. ಚಂದಾ ಬಾಕಿಯೆಂಬುದು ಸಂಘ ಕೊಟ್ಟ ಕಾರಣ. ಆಕೆ ಅದನ್ನು ಒಪ್ಪಲಿಲ್ಲ. ‘96’ ಚಿತ್ರದಲ್ಲಿ ತ್ರಿಷಾ ಅವರಿಗೆ ದನಿಯಾದ ಕಲಾವಿದೆ, ಅದೇ ನಟಿಗೆ ಮತ್ತೆ ತಮಿಳಿನಲ್ಲಿ ದನಿ ಕೊಟ್ಟದ್ದು ಐದು ವರ್ಷಗಳ ಬಳಿಕ, 2023ರ ‘ಲಿಯೋ’ದಲ್ಲಿ. ಆ ಚಿತ್ರದ ಕನ್ನಡ ಅವತರಣಿಕೆಯಲ್ಲೂ ತ್ರಿಷಾ ಅವರ ದನಿ ಚಿನ್ಮಯಿ ಅವರದೇ. ಬಾಕಿ ಚಂದಾದ ಲೆಕ್ಕ ಆ ತಿಂಗಳೇ ಏಕೆ ನೆನಪಾಯಿತು ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ.

ಕನ್ನಡದಲ್ಲಿ ಈ ವೃತ್ತಿಯನ್ನು ‘ಕಂಠದಾನ’ ಎನ್ನುತ್ತೇವೆ. ಸೊಗಸಾದ ಪದ, ಆದರೆ ಅಪಾಯಕಾರಿ. ದಾನ ಮಾಡುವವರಿಗೆ ಕರಾರುಪತ್ರವೇಕೆ, ದೂರು ಸಮಿತಿಯೇಕೆ? ಇದು ದಾನವಲ್ಲ, ದುಡಿಮೆ. 2013ರ ನಮ್ಮ ಕಾನೂನು ಹಾಗೆಯೇ ನೋಡುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಆ ಕಾಯಿದೆಯಲ್ಲಿ ದಿನಗೂಲಿಯವರೂ ಗುತ್ತಿಗೆಯವರೂ ಉದ್ಯೋಗಿಗಳೇ. ಹತ್ತು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಚಿಕ್ಕ ಜಾಗಗಳಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಉದ್ದೇಶಪೂರ್ವಕ ಸುಳ್ಳು ದೂರಿಗೂ ಅದರಲ್ಲಿ ಕ್ರಮವುಂಟು, ಆದರೆ ದುರುದ್ದೇಶವನ್ನು ವಿಚಾರಣೆ ನಡೆಸಿಯೇ ಸ್ಥಾಪಿಸಬೇಕು. ಅಂದರೆ ಮತ್ಸರದ ಪ್ರಶ್ನೆಗೂ ಕಾಯಿದೆ ಸ್ಥಳ ಕೊಟ್ಟಿದೆ, ವಿಚಾರಣೆಯ ಒಳಗೆ. ಕೇಂದ್ರ ಸರ್ಕಾರದ ನೌಕರರಾದ ನಮಗೆ ಈ ಸಮಿತಿಯ ವರದಿ ಶಿಸ್ತುಕ್ರಮದ ವಿಚಾರಣಾ ವರದಿಗೆ ಸಮಾನ. ಇಲ್ಲೂ ಗುಂಪುಗಾರಿಕೆಯಿದೆ, ಜ್ಯೇಷ್ಠತಾ ಪಟ್ಟಿಯ ಜಗಳವಿದೆ. ಆದರೂ ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಂಡು, ಎರಡೂ ಕಡೆಯವರಿಗೆ ಪ್ರತಿ ಕೊಟ್ಟು, ಉತ್ತರ ಕೇಳುವ ದಾರಿಯೊಂದಿದೆ. ಆ ದಾರಿ ಗಂಟೆಯ ಕೂಲಿಗೆ ದನಿ ಕೊಡುವವರಿಗೆ ಏಕಿರಬಾರದು?

ಪ್ರತಿ ಚಿತ್ರದ ನಿರ್ಮಾಣ ಘಟಕದಲ್ಲೂ ಆಂತರಿಕ ಸಮಿತಿ ಇರಬೇಕೆಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಹೇಮಾ ಸಮಿತಿಯ ವರದಿ 2019ರಲ್ಲೇ ಸರ್ಕಾರದ ಕೈಸೇರಿದ್ದರೂ ಜನರಿಗೆ ಓದಲು ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ಮರುತಿಂಗಳು ಕನ್ನಡ ಚಿತ್ರರಂಗದವರ ‘ಫೈರ್’ ಸಂಸ್ಥೆ ಅಂಥದೇ ಸಮಿತಿ ಕರ್ನಾಟಕಕ್ಕೂ ಬೇಕೆಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿತು. ಅಂಥ ಸಮಿತಿಯ ಪರಿಶೀಲನೆ ಚಿತ್ರೀಕರಣದ ಸೆಟ್ಟಿನಲ್ಲೇ ನಿಲ್ಲದೆ ಡಬ್ಬಿಂಗ್ ಕೋಣೆಯ ಒಳಕ್ಕೂ ಹೋಗಬೇಕು. ಪ್ರತಿ ಡಬ್ಬಿಂಗ್ ಕರಾರಿನಲ್ಲಿ ದೂರು ಯಾರಿಗೆ ಕೊಡಬೇಕೆಂದು ನಮೂದಾಗಬೇಕು. ಯಾರ ಮೇಲಾದರೂ ದೂರು ಕೊಟ್ಟ ಸದಸ್ಯರನ್ನು, ವಿಚಾರಣೆ ಮುಗಿಯುವ ತನಕ ಯಾವ ಬಾಕಿಯ ನೆಪದಿಂದಲೂ ತೆಗೆಯಬಾರದೆಂದು ಸಂಘಗಳ ನಿಯಮಾವಳಿಯಲ್ಲಿ ಬರೆಯಬೇಕು. ಇಷ್ಟಾದ ಮೇಲೆ ಯಾರಾದರೂ ‘ಇದು ವೃತ್ತಿಮತ್ಸರ’ ಎಂದರೆ ಅಡ್ಡಿಯಿಲ್ಲ. ಆ ಮಾತನ್ನು ಸಮಿತಿಯ ಮುಂದೆ, ಸಹಿ ಹಾಕಿ, ಸಾಕ್ಷ್ಯ ಕೊಟ್ಟು ಹೇಳಲಿ.