ಒಂದೇ ಪುಸ್ತಕದಲ್ಲಿ ಒಂದು ಜನಾಂಗ ಅಡಗೀತೇ?

ಜಪಾನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸಿನಲ್ಲಿ ಕೆಲವು ಚಿತ್ರಗಳು ಮೂಡುತ್ತವೆ: ಅರಳಿ ನಿಂತ ಚೆರ್ರಿ ಮರ, ಖಡ್ಗ ಹಿಡಿದ ಸಮುರಾಯ್, ನಡು ಬಗ್ಗಿಸಿ ವಂದಿಸುವ ಜನ, ಹಿರೋಷಿಮಾದ ಬೂದಿ. ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಆ ದೇಶವನ್ನು ಕಣ್ಣಾರೆ ಕಂಡವರು ವಿರಳ. ಆದರೂ ಅಲ್ಲಿಯ ಜನ ಎಂಥವರೆಂದು ನಾವು ಯಾವ ಸಂಶಯವೂ ಇಲ್ಲದೆ ಹೇಳಿಬಿಡುತ್ತೇವೆ. ಈ ನಿಶ್ಚಯ ನಮಗೆ ಬಂದುದು ಪುಸ್ತಕಗಳಿಂದ, ಅವುಗಳಿಂದ ಹುಟ್ಟಿದ ಪಾಠಗಳಿಂದ ಮತ್ತು ಚಲನಚಿತ್ರಗಳಿಂದ. ಆ ಪುಸ್ತಕಗಳನ್ನು ಬರೆದವರು ಯಾರು, ಯಾರಿಗಾಗಿ ಬರೆದರು, ಯಾವ ಕಾಲದಲ್ಲಿ ಬರೆದರು ಎಂದು ನಾವು ಕೇಳಿದ್ದುಂಟೇ? ಈ ವಾರ ಅದನ್ನು ಕುರಿತು ತುಸು ಚಿಂತಿಸೋಣ.

ಒಬ್ಬರ ಮಾತನ್ನೇ ನಂಬಿ ಒಂದು ದೇಶವನ್ನು ಅರಿಯಲು ಹೊರಟರೆ ಏನಾಗುತ್ತದೆಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲಿಯೇ ಒಂದು ಉದಾಹರಣೆಯಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರರು ಜಪಾನಿನ ಬಗ್ಗೆ ಬಹುಪಾಲು ತಿಳಿದುಕೊಂಡದ್ದು ಅಂಜಿರೋ ಎಂಬಾತನಿಂದ. 1547ರಲ್ಲಿ ಮಲಕ್ಕಾದಲ್ಲಿ ಅವರನ್ನು ಭೇಟಿಯಾದ ಈತ 1548ರಲ್ಲಿ ನಮ್ಮ ನೆರೆಯ ಗೋವೆಯಲ್ಲಿ ಜ್ಞಾನಸ್ನಾನ ಪಡೆದನು. 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಸಂತರು ಕಾಗೋಷಿಮಾದಲ್ಲಿ ಇಳಿದರು. ಅಂಜಿರೋ ಕೊಟ್ಟ ತಿಳಿವಳಿಕೆಯಂತೆ ಅವರು ದೇವರನ್ನು 'ದೈನಿಚಿ' ಎಂದು ಕರೆದು ಬೋಧಿಸತೊಡಗಿದರು. ಅದು ಅಲ್ಲಿಯ ಬೌದ್ಧರು ಪೂಜಿಸುವ ಒಬ್ಬ ಬುದ್ಧನ ಹೆಸರೆಂಬುದು ತಿಳಿದ ಬಳಿಕ ಅದನ್ನು ಬಿಟ್ಟು 'ದೇವುಸ್' ಎಂಬ ಲತೀನ್ ಪದವನ್ನೇ ಬಳಸಿದರು. ಅಂಜಿರೋ ಸುಳ್ಳು ಹೇಳಿದವನಲ್ಲ. ತನಗೆ ತಿಳಿದಷ್ಟನ್ನು ಹೇಳಿದನು. ಆದರೆ ಒಬ್ಬನ ತಿಳಿವಳಿಕೆ ಒಂದು ದೇಶವನ್ನು ಹಿಡಿದಿಡಲಾರದು.

ಇತ್ತೀಚಿನ ಶತಮಾನಗಳಿಗೆ ಬರೋಣ. ಜಪಾನೀಯರ ಸ್ವಭಾವವನ್ನು ಹೊರಜಗತ್ತಿಗೆ ವಿವರಿಸಿದ ಎರಡು ಪುಸ್ತಕಗಳು ಬಹಳ ಪ್ರಸಿದ್ಧ. ಮೊದಲನೆಯದು 1900ರಲ್ಲಿ ಪ್ರಕಟವಾದ 'ಬುಷಿದೊ'. ಬರೆದವರು ಇನಾಜೊ ನಿತೊಬೆ. ಅವರು ಜಪಾನೀಯರೇ, ಕ್ರೈಸ್ತರೂ ಹೌದು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಪಾಶ್ಚಾತ್ಯ ಓದುಗರಿಗಾಗಿ. ಯೋಧವರ್ಗದ ನೀತಿಯನ್ನು ಇಡೀ ಜನಾಂಗದ ನೀತಿಯೆಂಬಂತೆ ಅದು ತೋರಿಸಿತು. ಗದ್ದೆಯಲ್ಲಿ ದುಡಿದವರು, ಮೀನು ಹಿಡಿದವರು ಮರೆಗೆ ಸರಿದರು. ಎರಡನೆಯದು ಅಮೆರಿಕದ ವಿದುಷಿ ರೂತ್ ಬೆನೆಡಿಕ್ಟ್ ಅವರು 1946ರಲ್ಲಿ ಪ್ರಕಟಿಸಿದ 'ಸೇವಂತಿಗೆ ಮತ್ತು ಖಡ್ಗ' ಎಂಬರ್ಥದ ಹೆಸರಿನ ಗ್ರಂಥ. ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರಕ್ಕಾಗಿ ನಡೆಸಿದ ಅಧ್ಯಯನದಿಂದ ಅದು ಹುಟ್ಟಿತು. ಜಪಾನಿನ ನೆಲವನ್ನು ಮೆಟ್ಟದೆಯೇ ಅವರು ಅದನ್ನು ಬರೆದರು. ಶತ್ರುವನ್ನು ಅರಿಯುವ ಅಗತ್ಯದಿಂದ ರಚಿತವಾದ ಗ್ರಂಥವು ಮುಂದೆ ಒಂದು ಜನಾಂಗದ ಪರಿಚಯಪತ್ರವಾಗಿಬಿಟ್ಟಿತು!

ಹಾಗಾದರೆ ಆಯಾ ದೇಶದವರು ತಮ್ಮವರಿಗಾಗಿಯೇ ಬರೆದದ್ದು ಪೂರ್ಣಸತ್ಯವೇ? ಅದೂ ಅಲ್ಲ. 1968ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಯಸುನಾರಿ ಕವಾಬಾತಾ ತಮ್ಮ ಭಾಷಣದಲ್ಲಿ ಸುಂದರವಾದ ಜಪಾನನ್ನು ಕುರಿತು ಮಾತನಾಡಿದರು. 1994ರಲ್ಲಿ ಅದೇ ಪ್ರಶಸ್ತಿ ಪಡೆದ ಕೆನ್ಸಾಬುರೊ ಓಎ ಆ ಭಾಷಣದ ಶೀರ್ಷಿಕೆಯನ್ನೇ ಬೇಕೆಂದು ತಿರುಗಿಸಿ, ತಮ್ಮ ದೇಶವನ್ನು ದ್ವಂದ್ವದಲ್ಲಿ ಸಿಲುಕಿದ ಜಪಾನ್ ಎಂದು ಕರೆದರು. ಇಬ್ಬರೂ ಒಂದೇ ಮಣ್ಣಿನವರು, ಆದರೆ ಕಂಡ ಮುಖಗಳು ಬೇರೆ.

ಕಥೋಲಿಕರಾದ ನಮಗೆ ಹತ್ತಿರವಾದ ಪ್ರಶ್ನೆಯನ್ನು ಎತ್ತಿದವರು ಶೂಸಾಕು ಎಂಡೊ. ಬಾಲ್ಯದಲ್ಲಿಯೇ ಜ್ಞಾನಸ್ನಾನ ಪಡೆದ ಅವರಿಗೆ ತಮ್ಮ ವಿಶ್ವಾಸವು ಮೈಗೆ ಒಪ್ಪದ ಪಾಶ್ಚಾತ್ಯ ಉಡುಪಿನಂತೆ ತೋರುತ್ತಿತ್ತು. ಅದನ್ನು ತಮ್ಮ ಮೈಗೆ ಹೊಂದಿಸಿಕೊಳ್ಳುವುದೇ ಅವರ ಬರವಣಿಗೆಯ ಕಾಯಕವಾಯಿತು. 1966ರ ಅವರ ಕಾದಂಬರಿ 'ಮೌನ', 2016ರಲ್ಲಿ ಚಲನಚಿತ್ರವೂ ಆಯಿತು. ಅದರಲ್ಲಿ ಜಪಾನ್ ಒಂದು ಜೌಗುನೆಲ, ಇಲ್ಲಿ ಕ್ರೈಸ್ತಧರ್ಮದ ಬೇರು ಕೊಳೆಯುತ್ತದೆ ಎಂಬ ವಾದ ಬರುತ್ತದೆ. ಹಿಂಸೆಗೆ ಒಳಗಾದ ಗುರುವೊಬ್ಬನು ಇತರರ ಪ್ರಾಣ ಉಳಿಸಲು ಪ್ರಭುಕ್ರಿಸ್ತರ ಚಿತ್ರವನ್ನು ತುಳಿಯುತ್ತಾನೆ. ಜಪಾನಿನ ಕಥೋಲಿಕರಲ್ಲಿ ಅನೇಕರು ಈ ಕೃತಿಯಿಂದ ನೊಂದರು. ಆ ನೋವಿಗೆ ಕಾರಣವಿತ್ತು. 1614ರ ನಿಷೇಧದ ತರುವಾಯ ನಾಗಸಾಕಿ ಸೀಮೆಯ ರೈತರೂ ಬೆಸ್ತರೂ ಗುರುಗಳಿಲ್ಲದೆ, ಚರ್ಚುಗಳಿಲ್ಲದೆ, ತಲೆಮಾರುಗಳ ಕಾಲ ಜ್ಞಾನಸ್ನಾನವನ್ನೂ ಪ್ರಾರ್ಥನೆಗಳನ್ನೂ ಗುಟ್ಟಾಗಿ ಕಾಪಾಡಿದರು. 1865ರ ಮಾರ್ಚ್ 17ರಂದು ಉರಾಕಾಮಿಯ ಕೆಲವರು ಔರಾ ಚರ್ಚಿಗೆ ಬಂದು ಫ್ರೆಂಚ್ ಗುರು ಪೆತಿಜಾನರನ್ನು ಕಂಡು, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಎಂಡೊ ಬರೆದದ್ದು ಸತ್ಯದ ಒಂದು ಮುಖವಾದರೆ, ಈ ಬಡಜನರ ನೆನಪು ಇನ್ನೊಂದು ಮುಖ. 'ಮೌನ'ವನ್ನು ಓದಬಾರದೆಂದು ನಾವು ಹೇಳುತ್ತಿಲ್ಲ, ಓದಲೇಬೇಕು. ಆದರೆ ಉರಾಕಾಮಿಯ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ದೂರದ ದೇಶದ ಈ ವಿಚಾರ ನಮಗೇಕೆ ಎಂದು ಯಾರಾದರೂ ಕೇಳಿಯಾರು. ನಮ್ಮ ಬಸವಕಲ್ಯಾಣವನ್ನೇ ನೋಡಿರಿ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಕಲ್ಯಾಣದ ಆಸ್ಥಾನದಲ್ಲಿ ಆಶ್ರಯ ಪಡೆದು ಆರನೆಯ ವಿಕ್ರಮಾದಿತ್ಯನನ್ನು ಕುರಿತು ಸಂಸ್ಕೃತ ಕಾವ್ಯ ಬರೆದನು. ಅದು ರಾಜನ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅದೇ ಪಟ್ಟಣದಲ್ಲಿ ದೋಣಿ ನಡೆಸುವವರು, ಹಗ್ಗ ಹೊಸೆಯುವವರು ಮತ್ತು ಹೆಣ್ಣುಮಕ್ಕಳು ತಮ್ಮ ಬಾಳನ್ನು ತಾವೇ ಕನ್ನಡದಲ್ಲಿ ನುಡಿದರು. ಅದು ದುಡಿಯುವವರ ಕಲ್ಯಾಣ. ಫ. ಗು. ಹಳಕಟ್ಟಿಯವರಂಥವರು ತಾಳೆಗರಿಗಳನ್ನು ಅರಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರದಿದ್ದಲ್ಲಿ ಈ ಎರಡನೆಯ ಕಲ್ಯಾಣ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿಯುತ್ತಿತ್ತು? ಇಂದು ನಮ್ಮ ಸೀಮೆಯನ್ನು ವರದಿಗಳಲ್ಲಿ ಮಾತ್ರ ಓದುವ ಹೊರಗಿನವರಿಗೆ ಕಾಣುವುದು 'ಹಿಂದುಳಿದ ಪ್ರದೇಶ'ವೆಂಬ ಒಂದೇ ಮಾತು. ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನು ಒಂದೇ ಸಂತೆಯಲ್ಲಿ ಆಡುವ ನಮ್ಮ ಜನರ ಸಿರಿ ಆ ವರದಿಗಳಲ್ಲಿ ಕಾಣದು.

ಇನ್ನು ಇಲ್ಲಿಯ ಕಥೋಲಿಕ ಕುಟುಂಬಗಳ ಮಾತು. ಎಣಿಕೆಯಲ್ಲಿ ನಾವು ಕೆಲವರೇ. ನಮ್ಮ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ 2005ರಲ್ಲಿ. ನಿಮ್ಮ ಧರ್ಮ ಹೊರಗಿನದಲ್ಲವೇ ಎಂದು ಯಾರಾದರೂ ಕೇಳಿದಾಗ ಎಂಡೊ ಅವರ ಉಡುಪಿನ ಚಿಂತೆ ನಮ್ಮದೂ ಆಗುತ್ತದೆ. ಇದಕ್ಕೆ ವಾದ ಹೂಡುವುದು ಉತ್ತರವಲ್ಲ. ನಮ್ಮ ಹಿರಿಯರು ಯಾವ ಊರಿನಿಂದ ಬಂದರು, ಯಾವ ಕಸುಬು ಮಾಡಿದರು, ಯಾವ ಭಾಷೆಯಲ್ಲಿ ಪ್ರಾರ್ಥಿಸಿದರು, ಬರಗಾಲದಲ್ಲಿ ಯಾವ ನೆರೆಯವರು ಕೈಹಿಡಿದರು ಎಂಬುದನ್ನು ನಾವೇ ಬರೆದಿಡಬೇಕು. ಅಜ್ಜ ಅಜ್ಜಿಯರು ಬದುಕಿರುವಾಗಲೇ ಮನೆಗೊಂದು ನೋಟುಪುಸ್ತಕ ಸಾಕು. ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಅಥವಾ ಯಾರೂ ಬರೆಯುವುದಿಲ್ಲ.

ಮಕ್ಕಳ ಕೈಗೆ ಪುಸ್ತಕ ಕೊಡುವಾಗಲೂ ಇದೇ ವಿವೇಕವಿರಲಿ. ಜಪಾನಿನ ತೆತ್ಸುಕೊ ಕುರೊಯಾನಾಗಿ ಅವರ 'ತೊತ್ತೊಚಾನ್' ಕನ್ನಡದಲ್ಲಿ ಬಂದಿದೆ. ರೈಲುಡಬ್ಬಿಗಳಲ್ಲಿ ಪಾಠ ನಡೆಯುತ್ತಿದ್ದ ಆ ಶಾಲೆಯಲ್ಲಿ ಖಡ್ಗವಿಲ್ಲ. ಗದ್ದಲದ ಹುಡುಗಿಯೊಬ್ಬಳ ಮಾತನ್ನು ಗಂಟೆಗಟ್ಟಲೆ ತಾಳ್ಮೆಯಿಂದ ಕೇಳಿದ ಮುಖ್ಯೋಪಾಧ್ಯಾಯರಿದ್ದಾರೆ. ಅದನ್ನು ಓದಿದ ಮಗುವಿಗೆ ಜಪಾನೀಯರೆಂದರೆ ನಮ್ಮಂತೆಯೇ ಮನುಷ್ಯರೆಂಬುದು ಮೊದಲು ತಿಳಿಯುತ್ತದೆ. ಉಳಿದ ಪುಸ್ತಕಗಳು ಆಮೇಲೆ ಬರಲಿ. ಒಂದಲ್ಲ, ಹಲವು ಬರಲಿ.