ಸಂತೆಗೆ ಹೋಗದವರ ಊಟದ ಅಭಿಮಾನ

ನಮ್ಮ ಕಡೆಯ ವಿದ್ಯಾವಂತರಲ್ಲಿ ಈಚೆಗೆ ಒಂದು ಹೊಸ ಅಭಿಮಾನ ಹುಟ್ಟಿಕೊಂಡಿದೆ. ಅದು ಊರಿನ ಊಟದ ಅಭಿಮಾನ. 2019ರಿಂದ ಆಸಾಡಿ ಅಮಾವಾಸ್ಯೆಯಂದು ‘ವಿಶ್ವ ಕುಂದಾಪ್ರ ಕನ್ನಡ ದಿನ’ವನ್ನು ಆಚರಿಸಲಾಗುತ್ತಿದೆ. ಪತ್ರೊಡೆ, ಕೊಟ್ಟೆ ಕಡುಬು, ಹಾಲ್ಬಾಯಿಗಳನ್ನು ಕೊಂಡಾಡುವ ಭಾಷಣಗಳಿಗೆ ಅಂದು ಬರವಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಸಂತೋಷದ ಸಂಗತಿಯೇ. ಅಂಥ ವೇದಿಕೆಯನ್ನು ನಾನೂ ಹತ್ತಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಆದರೂ ಈ ಅಭಿಮಾನದ ಒಳಗೆ ಒಂದು ಪೊಳ್ಳಿದೆ ಎಂದು ಹೇಳದೆ ವಿಧಿಯಿಲ್ಲ. ಊಟವನ್ನು ಹೊಗಳುವ ನಾವು ಸಂತೆಗೆ ಹೋಗುವುದನ್ನು ಬಿಟ್ಟಿದ್ದೇವೆ.

ನನ್ನ ಕಣ್ಣು ತೆರೆಸಿದವಳು ಬ್ರಹ್ಮಾವರದ ಸೋಮವಾರದ ಸಂತೆಯಲ್ಲಿ ಗೋಣಿ ಹಾಸಿ ಕುಳಿತಿದ್ದ ಒಬ್ಬ ಮುದುಕಿ. ಅವಳ ಮುಂದೆ ಇದ್ದದ್ದು ನಾಲ್ಕಾರು ಕಟ್ಟು ಹರಿವೆ, ಒಂದಿಷ್ಟು ಕೆಸುವಿನ ಎಲೆ, ಎರಡು ಸೌತೆಕಾಯಿ. ಕಟ್ಟಿಗೆ ಹತ್ತು ರೂಪಾಯಿ ಎಂದಳು. ಮೂರು ಕಟ್ಟನ್ನು ಇಪ್ಪತ್ತೈದಕ್ಕೆ ಕೊಡು ಎಂದು ನಾನು ಚೌಕಾಸಿಗೆ ಇಳಿದೆ. ಅವಳು ನನ್ನ ಕೈಯಲ್ಲಿದ್ದ ದೊಡ್ಡ ಅಂಗಡಿಯ ಚೀಲವನ್ನು ನೋಡಿ, ಸಿಟ್ಟಿಲ್ಲದೆ ಕೇಳಿದಳು: “ಅಲ್ಲೂ ಹಿಂಗೇ ಕ್ರಯ ಕಮ್ಮಿ ಮಾಡಿ ಅಂತ್ರ್ಯಾ, ಮಾಷ್ಟ್ರೇ?”

ನನ್ನಲ್ಲಿ ಉತ್ತರವಿರಲಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಶಾಸನವೆಂಬಂತೆ ಒಪ್ಪಿ ಹಣ ತೆತ್ತು ಬಂದಿದ್ದೆ. ಹಿತ್ತಲಿನಲ್ಲಿ ಬೆಳೆದು, ಕೊಯ್ದು, ಕಟ್ಟಿ, ಹೊತ್ತು ತಂದವಳ ಮಾತನ್ನು ಮಾತ್ರ ಒಪ್ಪಲಾಗಲಿಲ್ಲ. ಇದು ನನ್ನೊಬ್ಬನ ದೋಷವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ.

ಸಂತೆ ಎಂದರೆ ಬರಿಯ ವ್ಯಾಪಾರವಲ್ಲ. ನಮ್ಮ ಕರಾವಳಿಯಲ್ಲಿ ಯಾವ ತಿಂಗಳು ಏನನ್ನು ಉಣ್ಣಬೇಕೆಂಬುದನ್ನು ತಿಳಿಸುತ್ತಿದ್ದ ಪಂಚಾಂಗವೇ ಅದು. ಮಳೆಗಾಲ ಹಿಡಿದರೆ ಕೆಸು, ಕಳಲೆ, ಚಗಟೆ ಸೊಪ್ಪು. ಭತ್ತದ ಕೊಯ್ಲು ಮುಗಿದ ಗದ್ದೆಗೆ ಉದ್ದು ಬೀಳುತ್ತದೆ. ನೀರಿದ್ದ ಕಡೆ ಅಲಸಂಡೆ, ಸೌತೆ, ಕಲ್ಲಂಗಡಿಗಳು ಬರುತ್ತವೆ. ಬೇಸಗೆಯಲ್ಲಿ ಕೊಂಡ ಬಣ್ಣದ ಸೌತೆಯನ್ನು ಅಟ್ಟದ ಜಂತಿಗೆ ತೂಗುಹಾಕಿ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲ ಕಳೆಯುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಮೀನು ತಿನ್ನುವ ಮನೆಗಳಿಗೆ ಒಣಮೀನೇ ಆಧಾರ. ಅದೂ ಸಂತೆಯ ಸರಕೇ. ಈ ಕ್ರಮವನ್ನು ಯಾರೂ ಪುಸ್ತಕದಿಂದ ಕಲಿತದ್ದಲ್ಲ. ವಾರಕ್ಕೊಮ್ಮೆ ಚೀಲ ಹಿಡಿದು ಹೋಗಿ ಕಲಿತದ್ದು. ಇಂದು ತರಗತಿಯಲ್ಲಿ ‘ಚಗಟೆ’ ಎಂದರೆ ಈ ಊರಿನ ಹುಡುಗರೇ ಮುಖ ಮುಖ ನೋಡಿಕೊಳ್ಳುತ್ತಾರೆ. ತಿನ್ನದ ಸೊಪ್ಪಿನ ಹೆಸರು ನಾಲಗೆಯ ಮೇಲೆ ಹೇಗೆ ಉಳಿದೀತು? ಆ ಪದವನ್ನು ನಿಘಂಟಿಗೆ ಸೇರಿಸಿದೆವೆಂದು ತೃಪ್ತಿಪಟ್ಟುಕೊಳ್ಳುವುದು ಪಂಡಿತರ ಭ್ರಮೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಕೆಲವು ನಿಮಿಷಗಳಲ್ಲಿ ತರಕಾರಿ ಬಾಗಿಲಿಗೇ ಬರುವಾಗ ಕೆಸರು ತುಳಿಯುವುದೇಕೆ ಎನ್ನುತ್ತಾರೆ ಬೆಂಗಳೂರಿನಲ್ಲಿರುವ ನನ್ನ ಗೆಳೆಯರೊಬ್ಬರು. ಅನುಕೂಲವನ್ನು ನಾನು ಹಳಿಯುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ ಅದು ಬೇಕು. ಆದರೆ ದೊಡ್ಡ ವ್ಯಾಪಾರಕ್ಕೆ ಬೇಕಾದದ್ದು ವರ್ಷವಿಡೀ ಒಂದೇ ಅಳತೆಯಲ್ಲಿ, ರಾಶಿರಾಶಿಯಾಗಿ ಸಿಗುವ ಮಾಲು. ಮಳೆಗಾಲದ ಕೆಲವೇ ವಾರ ಸಿಗುವ ಕಳಲೆಗೂ, ಒಂದು ಹಿತ್ತಲಿನ ಐದು ಕಟ್ಟು ಹರಿವೆಗೂ ಆ ಲೆಕ್ಕದಲ್ಲಿ ಎಲ್ಲಿಯ ಜಾಗ?

ಇನ್ನೊಬ್ಬ ಮಹನೀಯರ ವಾದ ಹೆಚ್ಚು ಗಟ್ಟಿಯಾದದ್ದು. ಸಂತೆಯಲ್ಲೂ ಈಗ ಇರುವುದು ಘಟ್ಟದ ಮೇಲಿನ ಕೋಸು, ಟೊಮೆಟೊ, ಬಟಾಟೆಯೇ ತಾನೆ? ಲಾರಿಯಲ್ಲಿ ಬಂದದ್ದನ್ನು ಅಂಗಡಿಯಲ್ಲಿ ಕೊಂಡರೇನು, ಸಂತೆಯಲ್ಲಿ ಕೊಂಡರೇನು? ಮಾತು ನಿಜ. ಶನಿವಾರದ ಕುಂದಾಪುರದ ಸಂತೆಯಲ್ಲೇ ನೋಡಿ: ರಾಶಿ ಹಾಕಿದ ವ್ಯಾಪಾರಿಗಳ ನಡುವೆ ಊರಿನ ಬೆಳೆಯನ್ನು ಹುಡುಕಬೇಕು. ಆದರೆ ಇದು ಸಂತೆಯನ್ನು ಬಿಟ್ಟುಬಿಡಲು ಕಾರಣವಲ್ಲ, ತಿದ್ದಲು ಕಾರಣ. ಊರಿನ ಬೆಳೆಯನ್ನು ಕೇಳುವವರು ಕಡಮೆಯಾದಂತೆ ತರುವವರೂ ಕಡಮೆಯಾದರು. ಒಂದು ವರ್ಷ ಬೆಳೆಯದಿದ್ದರೆ ಬೀಜ ಹಳತಾಗುತ್ತದೆ. ಕೆಲವು ವರ್ಷ ಹಾಗೆಯೇ ಹೋದರೆ ತಳಿಯೇ ಇಲ್ಲವಾಗುತ್ತದೆ. ಆಗ ಹಣ ಹಿಡಿದು ಹೋದರೂ ಸಿಗಲಾರದು.

ಕೇಳುವವರಿದ್ದರೆ ಬೆಳೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ಕಟಪಾಡಿಯ ಬಳಿಯ ಮಟ್ಟುವಿನ ಗುಳ್ಳವನ್ನು ಜನ ಹೆಸರು ಹಿಡಿದು ಕೇಳುತ್ತಾರೆ. ವಾದಿರಾಜರು ಕೊಟ್ಟ ಬೀಜವೆಂಬ ಐತಿಹ್ಯ ಅದಕ್ಕಿದೆ. ಉಡುಪಿಯ ಪರ್ಯಾಯದ ಅಡುಗೆಯಲ್ಲಿ ಅದಕ್ಕೆ ಸ್ಥಾನವಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ನಮ್ಮ ಹಿತ್ತಲುಗಳ ಹರಿವೆಗೆ, ಸೌತೆಗೆ ಐತಿಹ್ಯವಿಲ್ಲ, ಮಠವಿಲ್ಲ. ಅವುಗಳಿಗೆ ಇರುವವರು ನಾವು ಮಾತ್ರ.

ನಾನು ಬಾರ್ಕೂರಿನವನು. ಆಳುಪರ ರಾಜಧಾನಿಯಾಗಿದ್ದ ಊರು ಇದು. ‘ಬಾರಕೂರು ಗದ್ಯಾಣ’ವೆಂಬ ನಾಣ್ಯದ ಹೆಸರನ್ನು ಶಾಸನಗಳಲ್ಲಿ ಓದುತ್ತೇವೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಈಗಲೂ ಇವೆ. ಅಂದಿನ ಆ ದೊಡ್ಡ ಪೇಟೆ ಇಲ್ಲ. ನೋಡಲು ಬಂದವರು ಕತ್ತಲೆ ಬಸದಿಯ ಮುಂದೆ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಪೇಟೆ ಅಳಿದ ಮೇಲೆ ಶಾಸನ ಓದಿ ಹೆಮ್ಮೆಪಡುವ ವಿದ್ಯೆ ನಮಗೆ ಚೆನ್ನಾಗಿ ಬರುತ್ತದೆ. ಕಣ್ಣೆದುರಿಗಿರುವ ಸಂತೆಗೂ ಅದೇ ಗತಿಯನ್ನು ತರಬೇಕೆ?

ಮಾಡಬೇಕಾದದ್ದು ಅಸಾಧ್ಯವೇನಲ್ಲ. 1999ರಲ್ಲಿ ಆಂಧ್ರಪ್ರದೇಶದಲ್ಲಿ ‘ರೈತು ಬಜಾರ್’, ಅದೇ ವರ್ಷ ತಮಿಳುನಾಡಿನಲ್ಲಿ ‘ಉಳವರ್ ಸಂದೈ’ ಪ್ರಾರಂಭವಾದವು. ಬೆಳೆದವರೇ ತಂದು ಮಾರಬೇಕು, ಅವರಿಗೆ ಗುರುತಿನ ಚೀಟಿ ಇರಬೇಕು, ನಡುವೆ ದಲ್ಲಾಳಿ ಇರಬಾರದು ಎಂಬುದು ಅವುಗಳ ಕಟ್ಟಳೆ. ನಮ್ಮ ಸಂತೆಗಳಿಗೆ ಅಷ್ಟು ದೊಡ್ಡ ಏರ್ಪಾಡೂ ಬೇಡ. ಸ್ವಂತ ಬೆಳೆ ತರುವವರಿಗೆ ಮುಂದಿನ ಸಾಲಿನಲ್ಲಿ ಸುಂಕವಿಲ್ಲದ ಜಾಗ, ತಲೆಯ ಮೇಲೊಂದು ಮಾಡು, ಬೆಳಗಿನಿಂದ ಸಂಜೆಯವರೆಗೆ ಕೂರುವ ಹೆಂಗಸರಿಗೆ ಶುಚಿಯಾದ ಶೌಚಾಲಯ, ಕುಡಿಯಲು ನೀರು. ಊಟದ ಮೇಳಕ್ಕೆ ಶಾಮಿಯಾನ ಹಾಕಿಸಬಲ್ಲವರಿಗೆ ಇಷ್ಟನ್ನು ಕೇಳಿ ಪಡೆಯುವುದು ಭಾರವಲ್ಲ.

ಉಳಿದದ್ದು ನಮ್ಮ ಪಾಲಿನದು. ವಾರಕ್ಕೊಮ್ಮೆ ಚೀಲ ಹಿಡಿದು ಹೋಗೋಣ. “ಇದು ಯಾರ ಹಿತ್ತಲಿನದು?” ಎಂದು ಕೇಳೋಣ. ಅವರು ಹೇಳಿದ ಕ್ರಯವನ್ನು ಕೊಡೋಣ. ಹೆಸರು ತಿಳಿಯದ ಸೊಪ್ಪಿದ್ದರೆ ಅಡುಗೆಯ ಬಗೆಯನ್ನು ಅವರಿಂದಲೇ ಕೇಳಿ ತಿಳಿಯೋಣ. ಇಷ್ಟು ಮಾಡಲಾಗದಿದ್ದರೆ, ಮುಂದಿನ ಆಸಾಡಿ ಅಮಾವಾಸ್ಯೆಗೆ ವೇದಿಕೆ ಹತ್ತಿ ಪತ್ರೊಡೆಯ ಗುಣಗಾನ ಮಾಡುವುದನ್ನಾದರೂ ಬಿಡೋಣ.

ಆ ದಿನ ನಾನು ಮೂವತ್ತು ರೂಪಾಯಿ ಕೊಟ್ಟೆ. ಅವಳು ಕೆಸುವಿನ ನಾಲ್ಕು ಎಲೆಗಳನ್ನು ಮೇಲಿಂದ ಹಾಕಿದಳು. ಬೇಡವೆಂದರೂ ಕೇಳಲಿಲ್ಲ.